ಪ್ರಶಸ್ತಿ ಪಡೆದ ಗುಂಡಿಗಳು

ಮೊದಲು ಅನ್ಯಾಯವನ್ನು ಹೇಳಿಬಿಡುತ್ತೇನೆ. ಭದ್ರಾವತಿಯ ಒಂದು ಪುಟ್ಟ ಕಾಲೇಜಿನವರು, ನನ್ನ ತಂಗಿ ವರ್ಷಗಟ್ಟಲೆ ಜತನದಿಂದ ನೋಡಿಕೊಂಡ ಎರೆಗೊಬ್ಬರದ ಗುಂಡಿಗಳನ್ನು ಮುಚ್ಚಿ, ಮೇಲೆ ಇಂಟರ್‌ಲಾಕ್ ಟೈಲ್ಸ್ ಹಾಸಿದರು. ಅನಂತರ ಅದೇ ಗುಂಡಿಗಳ ಫೋಟೋ ತೋರಿಸಿ ‘ಹಸಿರು ಆವರಣ’ ಪ್ರಶಸ್ತಿ ಪಡೆದರು. ಆ ಟೈಲ್ಸ್ ಎತ್ತಿಸಬೇಕೆಂಬುದು ನನ್ನ ಬೇಡಿಕೆ. ಕಾಲೇಜಿನ ಹೆಸರನ್ನು ಬರೆಯುವುದಿಲ್ಲ. ಸಭ್ಯತೆ ಒಂದು ಪಕ್ಷದಲ್ಲಾದರೂ ಉಳಿಯಬೇಕಲ್ಲ!

ಹಾಗೆಂದು ನನ್ನ ತಂಗಿಯನ್ನು ಪಾಪದ ಹೆಂಗಸೆಂದು ತಿಳಿಯಬೇಡಿ. ಜನರಿಗೆ ಅವಳಷ್ಟು ತೊಂದರೆ ಕೊಟ್ಟ ಪ್ರಾಣಿಶಾಸ್ತ್ರದ ಅಧ್ಯಾಪಕಿ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು. ತೊಂದರೆಗೊಳಗಾದವರಲ್ಲಿ ಪ್ರಥಮ ಸ್ಥಾನ ನನ್ನದು. ವಿನೋಬನಗರದ ನಮ್ಮ ಮನೆಯ ಮಹಡಿಯಲ್ಲಿ ಅವಳ ವಾಸ. ಪ್ರತಿದಿನ ಬೆಳಿಗ್ಗೆ ನಮ್ಮ ಬೀದಿಯ ತರಕಾರಿ ಸಿಪ್ಪೆ, ಚಹಾದ ಚರಟ, ದೇವರ ಮೇಲಿನ ಬಾಡಿದ ಹೂವು ಎಲ್ಲವನ್ನೂ ಮುಚ್ಚಳದ ಬಕೆಟ್ಟಿಗೆ ತುಂಬಿಕೊಂಡು ಭದ್ರಾವತಿಯ ಬಸ್ಸು ಹತ್ತುವಳು. ಕಾಲೇಜಿನ ಕಸವೇ ಸಾಲದೆ? ಸಾಲದಂತೆ! ಹುಳುಗಳಿಗೂ ಬಾಯಿರುಚಿ ಬದಲಾಗಬೇಕಂತೆ!

“ಮೇಡಂ, ಬಕೆಟ್ಟಲ್ಲಿ ಏನು?” ಎಂದು ಕಂಡಕ್ಟರ್ ಕೇಳಿದನಂತೆ.

“ಊಟ.”

“ಯಾರಿಗೆ?”

“ಎರೆಹುಳಕ್ಕೆ.”

“ಪುಣ್ಯ ಮಾಡಿವೆ ಬಿಡಿ ಮೇಡಂ. ನಂಗೆ ನಮ್ಮನೇಲಿ ಒಂದಿನಾನೂ ಡಬ್ಬಿ ಕಟ್ಟಿಕೊಟ್ಟಿಲ್ಲ!”

ನನ್ನ ಷಷ್ಟ್ಯಬ್ದಿಯ ದಿನವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ. ಸೇವಂತಿಗೆಯ ಹಾರ ಆಗಷ್ಟೇ ನನ್ನ ಕೊರಳಿಗೆ ಬಿದ್ದಿತ್ತು. ಫೋಟೋದವನು ಕ್ಯಾಮೆರಾ ಎತ್ತುವಷ್ಟರಲ್ಲಿ ಇವಳು ಹಾರವನ್ನು ಕಿತ್ತುಕೊಂಡು, ಅದರ ಜರಿ ಬಿಡಿಸುತ್ತ ಕುಳಿತುಬಿಟ್ಟಳು.

“ಒಂದು ನಿಮಿಷ ತಡಿಯೇ ಮಾರಾಯ್ತಿ!”

“ಒಣಗಿದ್ರೆ ಪ್ರಯೋಜನ ಇಲ್ಲ ಕಣೋ ಅಣ್ಣ. ಅರವತ್ತಾಯ್ತು, ಇನ್ನೇನು ಫೋಟೋ ನಿಂಗೆ?”

ಇಂದಿಗೂ ಆಲ್ಬಮ್ಮಿನಲ್ಲಿ ನಾನು ಬೋಳು ಕೊರಳಿನಲ್ಲಿ, ಬಾಯಿ ತೆರೆದುಕೊಂಡು ನಿಂತಿದ್ದೇನೆ.

ಕಾಲೇಜಿನಲ್ಲಿ ಗುಡಿಸಿದ ತರಗೆಲೆಗೆ ಬೆಂಕಿ ಹಚ್ಚುವ ಪದ್ಧತಿಯಿತ್ತು. ಒಂದು ದಿನ ಇವಳು ಸೀರೆ ಸೆರಗು ಬಿಗಿದು ಎಲೆಯ ರಾಶಿಯ ಮೇಲೆಯೇ ಕುಳಿತಳು. ಕಡ್ಡಿಪೆಟ್ಟಿಗೆ ಹಿಡಿದು ಬಂದ ಅಟೆಂಡರ್ ಕಂಗಾಲಾದ.

“ಎದ್ದೇಳಿ ಮೇಡಂ, ಪ್ರಿನ್ಸಿಪಾಲ್ರು ನಂಗೆ ಬಯ್ತಾರೆ.”

“ಅವರನ್ನೂ ಕರಿ. ಪಕ್ಕದಲ್ಲಿ ಜಾಗ ಇದೆ.”

ಪ್ರಾಂಶುಪಾಲರು ಬಂದರು, ಕೂರಲಿಲ್ಲ. ಆದರೆ ಅಂದಿನಿಂದ ಬೆಂಕಿ ನಿಂತಿತು. ಎಲೆಯೆಲ್ಲ ಗುಂಡಿಗೆ ಹೋಯಿತು. ಮಕ್ಕಳು ಊಟದ ಡಬ್ಬಿ ಕೊಡವಲು ಅಲ್ಲಿಗೇ ಬರತೊಡಗಿದರು. ಇಟ್ಟಿಗೆಯ ಚೂರುಗಳಂತಿದ್ದ ಆ ನೆಲದ ಮಣ್ಣು ಕ್ರಮೇಣ ಕಾಫಿಪುಡಿಯಂತಾಯಿತು.

ಹೀಗಿರುವಾಗ ಪ್ರಶಸ್ತಿಯ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ತಂಗಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಪರವೂರಿಗೆ ಹೋಗಿದ್ದಳು. ಸದಸ್ಯರ ಬೂಟಿಗೆ ಮಣ್ಣು ತಾಗಬಾರದೆಂದು ಆಡಳಿತ ಮಂಡಳಿಯವರು ಅವಸರದಲ್ಲಿ ಜಲ್ಲಿ ಸುರಿಸಿ, ಟೈಲ್ಸ್ ಹಾಸಿಸಿ, ನರ್ಸರಿಯಿಂದ ಬಾಡಿಗೆಗೆ ತಂದ ಹೂಕುಂಡಗಳನ್ನು ಸಾಲಾಗಿ ಇರಿಸಿದರು. ಹಸಿರು ಸಹ ಬಾಡಿಗೆಗೆ ದೊರೆಯುತ್ತದೆಂಬುದು ನನಗೆ ತಿಳಿದದ್ದು ಆಗಲೇ! “ಗೊಬ್ಬರದ ಘಟಕ ಎಲ್ಲಿ?” ಎಂದು ಸಮಿತಿಯವರು ಕೇಳಿದರಂತೆ. “ಫೈಲಲ್ಲಿದೆ ಸಾರ್” ಎಂದು ಪ್ರಾಂಶುಪಾಲರು ಫೋಟೋ ತೋರಿಸಿದರಂತೆ. ಗುಂಡಿಗಳ ಮೇಲೆಯೇ ನಿಂತು ಗುಂಡಿಗಳ ಫೋಟೋ ನೋಡಿ ಅವರು ಸಂತೋಷಪಟ್ಟರು.

ಕೆಲವೇ ದಿನಗಳಲ್ಲಿ ಸಮಾರಂಭ ನಡೆಯಿತು. ಅಧ್ಯಕ್ಷರಿಗೆ ಶಾಲು, ಪ್ರಾಂಶುಪಾಲರಿಗೆ ಶಾಲು, ಟೈಲ್ಸ್ ಹಾಸಿದ ಗುತ್ತಿಗೆದಾರನಿಗೂ ಶಾಲು! ಕೊನೆಯ ಸಾಲಿನಲ್ಲಿ ತಂಗಿ, ಅವಳ ಪಕ್ಕದಲ್ಲಿ ನಾನು. ಯಾರು ಯಾರು ನಮ್ಮನ್ನು ಕಂಡು ಮುಖ ತಿರುಗಿಸಿದರೆಂಬುದು ನನಗೆ ಕ್ರಮವಾಗಿ ನೆನಪಿದೆ.

“ಎದ್ದು ಹೇಳೇ! ಎಲೆ ಮೇಲೆ ಕೂತಾಗ ಇದ್ದ ಬಾಯಿ ಈಗೆಲ್ಲಿ ಹೋಯ್ತು?” ಎಂದೆ. ಅವಳು ಏಳಲಿಲ್ಲ.

ಜನ ಊಟಕ್ಕೆ ಹೋದ ಮೇಲೆ ನೋಡಿದರೆ, ಅವಳು ಹೂಕುಂಡಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ಅಂಗೈ ಊರಿದ್ದಳು.

“ಹೋಗ್ಲಿ ಬಿಡೇ. ಶಾಲು ನಾನೇ ಹೊದಿಸ್ತೀನಿ ನಿಂಗೆ.”

“ಶಾಲು ಯಾರಿಗೆ ಬೇಕೋ?” ಅವಳು ತಲೆ ಎತ್ತಲಿಲ್ಲ. “ಹಂದಿ ಅಗೆಯುತ್ತೆ ಅಂತ ಗುಂಡಿ ಸುತ್ತ ಇಟ್ಟಿಗೆ ಕಟ್ಟಿಸಿದ್ದು ನಾನೇ ಅಣ್ಣ. ಈಗ ಹುಳಕ್ಕೆ ಪಕ್ಕಕ್ಕೆ ಹೋಗೋಕೂ ದಾರಿ ಇಲ್ಲ. ಎಷ್ಟು ಬಿಸಿ ಇದೆ ನೋಡು ಇದು.”

ಜೀವಮಾನವಿಡೀ ಅವಳಿಗೆ ಎದುರುತ್ತರ ಕೊಟ್ಟವನು ನಾನು. ಅಂದು ಮಂಡಿ ನೋವನ್ನು ಲೆಕ್ಕಿಸದೆ ಪಕ್ಕದಲ್ಲಿ ಕುಳಿತು, ನಾನೂ ಅಂಗೈ ಇಟ್ಟೆ. ಸುಡುತ್ತಿತ್ತು.

ಮರುದಿನ ಅವಳು ಒಂದು ಸಾಲು ಟೈಲ್ಸ್ ಎತ್ತಿಸಿಕೊಡಿರೆಂದು ಪ್ರಾಂಶುಪಾಲರನ್ನು ಕೇಳಿದಳು. “ಯಾಕೆ ಮೇಡಂ? ಫೋಟೋ ಇದೆಯಲ್ಲ” ಎಂದರು ಅವರು.

ಆಡಳಿತ ಮಂಡಳಿಯ ಮಹನೀಯರೇ, ನಿಮ್ಮ ಪ್ರಶಸ್ತಿಯನ್ನು ದುಡಿದು ಗಳಿಸಿಕೊಟ್ಟ ಜೀವಗಳು ನಿಮ್ಮ ಕಾಲಡಿಯಲ್ಲಿವೆ. ಅವುಗಳಲ್ಲಿ ಕೆಲವಾದರೂ ಉಸಿರಾಡುತ್ತಿರುವಾಗಲೇ ಆ ಒಂದು ಸಾಲನ್ನು ಎತ್ತಿಸುವಿರಾ?