ಒಂಟೆಯ ಹಾಡಿಗೆ ಬ್ಯಾಕಪ್

ಹೆಂಡತಿ ಸುಧಾ ಮಗಳನ್ನು ಕರೆದುಕೊಂಡು ಎರಡನೇ ಹೆರಿಗೆಗೆಂದು ಬಾಗಲಕೋಟೆಯ ತವರಿಗೆ ಹೋದ ಮೇಲೆ, ಒಮಾನಿನ ಸೂರ್‌ನ ನಮ್ಮ ಮನೆಯಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಲ್ಯಾಪ್‌ಟಾಪ್. ಅದರಲ್ಲಿ ನಲವತ್ತು ಸೆಕೆಂಡಿನ ಒಂದು ವಿಡಿಯೋ ಇತ್ತು. ನಾಲ್ಕು ವರ್ಷದ ಮಗಳು ಅನು ಸಮುದ್ರದ ದಂಡೆಯಲ್ಲಿ ನಿಂತು ತಾನೇ ಕಟ್ಟಿದ ಹಾಡು ಹಾಡುತ್ತಾಳೆ: "ಒಂಟಿ ಬಂತು, ಒಂಟಿ ಬಂತು, ಅಪ್ಪನ ಟೊಪಿಗಿ ತಿಂತು!" ಗ್ಯಾಸ್ ಪ್ಲಾಂಟಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಅದನ್ನು ನೋಡುತ್ತಿದ್ದೆ.

ಇಂಥ ಆಸ್ತಿಗೆ ಭದ್ರತೆ ಬೇಡವೇ? ಒಂದು ಶುಕ್ರವಾರ ಬೆಳಿಗ್ಗೆ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದೆ. ಪ್ರತಿಯನ್ನು ಎಲ್ಲಿಡಲಿ ಎಂದು ಕೇಳಿತು. 'ರಿಕವರಿ' ಎಂಬ ಡ್ರೈವ್ ಕಂಡಿತು. ಹೆಸರೇ ಅಭಯಹಸ್ತದಂತಿತ್ತು! ಅಲ್ಲೇ ಇಡಿಸಿದೆ.

ಆದರೆ ಪರೀಕ್ಷಿಸದ ಭದ್ರತೆ ಭದ್ರತೆಯೇ ಅಲ್ಲವೆಂದು ಪ್ಲಾಂಟಿನಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಮೂಲ ವಿಡಿಯೋವನ್ನು ಶಾಸ್ತ್ರೋಕ್ತವಾಗಿ ಅಳಿಸಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡಿ, ರಿಕವರಿಯ ಗುಂಡಿ ಒತ್ತಿದೆ. ಇಂಗ್ಲಿಷಿನಲ್ಲಿ ಉದ್ದುದ್ದ ಮೂರು ಎಚ್ಚರಿಕೆಗಳು ಬಂದವು. ಮೂರಕ್ಕೂ 'ಯಸ್' ಎಂದೆ. ನನ್ನ ಮದುವೆಯಲ್ಲೂ ಇಷ್ಟು ಧೈರ್ಯವಾಗಿ ಒಪ್ಪಿರಲಿಲ್ಲ!

ಒಂದು ಗಂಟೆಯ ಬಳಿಕ ಲ್ಯಾಪ್‌ಟಾಪ್ ಹೊಸ ಮದುಮಗಳಂತೆ ಎದ್ದು, ನನ್ನ ಹೆಸರೇನೆಂದು ನನ್ನನ್ನೇ ಕೇಳಿತು.

ಅದನ್ನು ಎತ್ತಿಕೊಂಡು ಕೆಳಗಿನ ಮೊಬೈಲ್ ಅಂಗಡಿಗೆ ಓಡಿದೆ. ಅಂಗಡಿ ನಡೆಸುವ ಬಂಟ್ವಾಳದ ಹಮೀದ್ ನೋಡಿ ತಲೆಯ ಮೇಲೆ ಕೈಯಿಟ್ಟ.

"ಎಂಥ ಮಾಡಿದ್ರಿ ಸಾರ್! ಆ ಡ್ರೈವ್ ಇರುವುದು ಲ್ಯಾಪ್‌ಟಾಪನ್ನು ತಂದ ದಿನದ ಹಾಗೆ ಮಾಡ್ಲಿಕ್ಕೆ. ನೀವು ಇಟ್ಟದ್ದನ್ನೂ ಸೇರಿಸಿ ಗುಡಿಸಿ ಹಾಕಿದೆ. ಖಲಾಸ್! ಕ್ಯಾಮೆರಾದಲ್ಲಿ ಉಂಟಾ?"

"ಅಳಿಸಿದ್ದೇನೆ."

"ಯಾಕೆ?"

"ಲ್ಯಾಪ್‌ಟಾಪ್‌ನಲ್ಲಿ ಇತ್ತಲ್ಲ!"

ಹಮೀದ್ ತನ್ನ ಮಕ್ಕಳನ್ನು ನೋಡಿ ಎರಡು ವರ್ಷವಾಗಿತ್ತು. ಅವನು ನಗಲಿಲ್ಲ. ಅಂಗಡಿಯ ಫೋನನ್ನು ನನ್ನತ್ತ ತಳ್ಳಿದ.

ಸುಧಾಳಿಗೆ ತಪ್ಪೊಪ್ಪಿಕೊಂಡೆ.

"ಹೋಗ್ಲಿ ಬಿಡ್ರಿ. ಅಳಾಕತ್ತೀರೇನು?"

"ಇಲ್ಲ, ನೆಗಡಿ."

ಮೇ ತಿಂಗಳ ಸೂರ್‌ನಲ್ಲಿ ನೆಗಡಿ!

"ಅನು, ಅಪ್ಪಗ ಒಂಟಿ ಹಾಡು ಹೇಳವಾ."

ಆ ಕಡೆ ಗುಸುಗುಸು. ಆಮೇಲೆ ಪುಟ್ಟ ದನಿ: "ನಂಗ ಮರ್ತೈತಿ. ನೀನs ಹೇಳು."

ಅಂಗಡಿಯಲ್ಲಿ ಇಬ್ಬರು ಒಮಾನಿ ಮೀನುಗಾರರಿದ್ದರು. ಗೋಡೆಯ ಕಡೆ ತಿರುಗಿ ಪಿಸುಮಾತಿನಲ್ಲಿ ಶುರುಮಾಡಿದೆ. "ಕೇಳವಲ್ದು!" ಎಂದಳು ಅನು. ದನಿ ಏರಿಸಿದೆ. ಮಗಳ ತೊದಲು, ಅವಳ ಎಳೆತ, ಒಂಟೆ ಟೊಪ್ಪಿಗೆ ತಿನ್ನುವಾಗಿನ ಚಪ್ಪಾಳೆ ಸಹಿತ ಹಾಡಿದೆ. ಮೀನುಗಾರರೂ ತಾಳ ಹಾಕಿದರು. ಫೋನಿನಲ್ಲಿ ಅನು ಕೇಕೆ ಹಾಕಿದಳು. ಸುಧಾ ನಕ್ಕಳು. ಮೂರು ತಿಂಗಳಾಗಿತ್ತು ಅವಳ ನಗು ಕೇಳಿ. ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದಿದ್ದೆನೆಂದರೆ ಕಿವಿ ಕೆಂಪಾಯಿತು.

ಅಷ್ಟರಲ್ಲಿ ನನ್ನೊಡನೆ ಎಂದೂ ನಾಲ್ಕು ಮಾತಿಗಿಂತ ಹೆಚ್ಚು ಆಡದ ಮಾವನವರ ಗಂಭೀರ ದನಿ ಕೇಳಿಸಿತು:

"ಅಳಿಯಂದಿರs, ಸ್ಪೀಕರ್ ಹಚ್ಚೇವಿ. ಇನ್ನೊಮ್ಮಿ ಹಾಡ್ರಿ. ಬಾಜೂ ಮನಿಯವ್ರು ಈಗಷ್ಟ ಬಂದ್ರು!"

ಹಾಡಿದೆ.