‘ಮೇಲೆ’ ಎಂದು ಬರೆದ ಆಕ್ಸಲ್

ಹಳೇ ಜೀಪು ಇಟ್ಟುಕೊಂಡವರ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ. ಸರಸ್ವತಿ ನಗರದ ನಮ್ಮ ಮನೆಯಂಗಳದಲ್ಲಿ ನಿಂತಿರುವುದು ಅಪ್ಪ ಮಲೆಬೆನ್ನೂರಿನ ಗದ್ದೆಗೆ ಓಡಿಸುತ್ತಿದ್ದ ಜೀಪು. ಅದರ ಮೇಲೆ ನನಗೆ ಪ್ರೀತಿ, ಹೆಂಡತಿಗೆ ಸಿಟ್ಟು. ಹಿಂದಿನ ಚಕ್ರಗಳ ಆಕ್ಸಲ್ ಕೈಕೊಟ್ಟು ಮೂರು ತಿಂಗಳಾದಾಗ ಆಕೆ ಕಡ್ಡಿ ಮುರಿದಂತೆ ಹೇಳಿದಳು: “ಬರೋ ಸೋಮವಾರ ಇದು ತಾನಾಗೇ ಗೇಟು ದಾಟಬೇಕು. ಇಲ್ಲಾಂದ್ರೆ ಗುಜರಿಯವ್ರು ದಾಟಿಸ್ತಾರೆ.”

ಬಿರುಕು

ನಿಟ್ಟುವಳ್ಳಿಯ ಮೆಕ್ಯಾನಿಕ್ ಬಂದು ಆಕ್ಸಲ್ ಬಿಚ್ಚಿದ. ಬೇರಿಂಗು, ಸೀಲು ಬದಲಾಯಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ನೋಡಿದರೆ ಹೊರಗಿನ ಕವಚವೇ ಸೀಳಿತ್ತು. ಗ್ಯಾರೇಜಿನವರ ಬಾಯಲ್ಲಿ ಅದು ಹೌಸಿಂಗ್.

“ಹೌಸಿಂಗ್ ಬಿರುಕು ಬಿಟ್ಟೈತ್ರೀ ಸಾರ್!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದರು. “ಪಾಯದಾಗೇ ಎಡವಟ್ಟಾಗಿರ್ಬೇಕು. ಯಾವ ಕಡೆ ಬಿಟ್ಟೈತ್ರಿ?”

“ಎಡಗಡೆ ಚಕ್ರದ ಹತ್ರ,” ಅಂದೆ.

ಅವರು ನಮ್ಮ ಮನೆಯನ್ನು ಒಂದು ಸುತ್ತು ಹಾಕಿ, ಗೋಡೆಯಲ್ಲೆಲ್ಲೂ ಚಕ್ರ ಕಾಣದೆ ವಾಪಸಾದರು.

ಬರೆದಂಗೆ

ಕವಚವನ್ನು ಹರಿಹರದ ವೆಲ್ಡಿಂಗ್ ಭಾಯ್ ಹತ್ತಿರ ಒಯ್ದೆ. ಬಿರುಕು ಮುಚ್ಚಬೇಕು. ಕವಚ ಕಮಾನುಪಟ್ಟಿಯ, ಅಂದರೆ ಸ್ಪ್ರಿಂಗಿನ, ಮೇಲೆ ಕೂರಲೆಂದು ಅದರ ಅಡಿಗೆ ಬೆಸೆದಿದ್ದ ಎರಡು ಕಬ್ಬಿಣದ ಸೀಟುಗಳೂ ತುಕ್ಕು ತಿಂದಿದ್ದವು, ಅವನ್ನು ಕಿತ್ತು ಅಡಿಬದಿಗೆ ಹೊಸವನ್ನು ಹಾಕಬೇಕು. ಸೀಟು ಕಿತ್ತ ಮೇಲೆ ಕವಚದ ಅಡಿ ಯಾವುದು, ಮೇಲು ಯಾವುದು ಗೊತ್ತಾಗುವುದಿಲ್ಲ. ಬಾಯಲ್ಲಿ ಹೇಳಿದರೆ ಮರೆತಾರೆಂದು, ಮೇಲ್ಬದಿಯ ಎರಡೂ ತುದಿಗೆ ಚಾಕ್‌ಪೀಸಿನಲ್ಲಿ ದಪ್ಪಗೆ ‘ಮೇಲೆ’ ಎಂದು ಬರೆದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

“ನೋಡ್ಕೊಂಡು ಹಾಕ್ರಿ ಭಾಯ್.”

“ಫಿಕರ್ ಮಾಡಬ್ಯಾಡ್ರಿ ಸಾಬ್. ನಾನೂ ಕನ್ನಡ ಸಾಲ್ಯಾಗ ಓದಿದವ. ಬರೆದಂಗೇ ಮಾಡ್ತೀನಿ.”

ಬರೆದಂತೆಯೇ ಮಾಡಿದರು.

ಸೋಮವಾರ

ಆಕ್ಸಲ್ ವಾಪಸ್ ಜೋಡಿಸುವಾಗ ಸೀಟು ಕಮಾನುಪಟ್ಟಿಯ ಮೇಲೆ ಸರಿಯಾಗಿ ಕೂತಿದ್ದರಿಂದ ಮೆಕ್ಯಾನಿಕ್‌ಗೂ ಅನುಮಾನ ಬರಲಿಲ್ಲ. ಜೀಪು ಗೇಟಿಗೆ ಮುಖ ಮಾಡಿ ನಿಂತಿತ್ತು. ಮೆಟ್ಟಿಲ ಮೇಲೆ ಹೆಂಡತಿ, ಗೇಟಿನಾಚೆ ಗುಜರಿಯವ. ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದನೇ ಗೇರ್ ಹಾಕಿದೆ.

ಜೀಪು ಹಿಂದಕ್ಕೆ ಹೋಯಿತು. ಎರಡನೇ ಗೇರ್ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು. ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ.

ಮೆಕ್ಯಾನಿಕ್ ಕೆಳಗೆ ತೂರಿ ನೋಡಿ ಹಣೆ ಚಚ್ಚಿಕೊಂಡ. “ಸೀಟು ಮೇಲ್ಗಡೆ ಹಾಕ್ಯಾರ್ರಿ! ಆಕ್ಸಲ್ ತಲೆಕೆಳಗಾಗಿ ಕೂತೈತೆ. ಅದಕ್ಕೇ ಚಕ್ರ ಉಲ್ಟಾ ತಿರುಗ್ತಾವೆ.”

ಹರಿಹರಕ್ಕೆ ಫೋನ್ ಮಾಡಿದೆ. ಭಾಯ್‌ಗೇ ಬೇಜಾರಾಯಿತು. “‘ಮೇಲೆ’ ಅಂತ ಬರೆದಿದ್ರಲ್ಲ ಸಾಬ್? ಅದರ ಮೇಲೇ ಹಾಕೀನಿ!”

ಗುಜರಿಯವ ಜೀಪು ಎಳೆದೊಯ್ಯಲು ತಂದ ಹಗ್ಗದ ಸುರುಳಿ ಬಿಚ್ಚತೊಡಗಿದ. ಬೇರೆ ದಾರಿ ಕಾಣದೆ ರಿವರ್ಸ್ ಹಾಕಿದೆ. ಜೀಪು ಮುಂದಕ್ಕೆ ತೆವಳಿ, ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಗೇಟು ದಾಟಿ ಬೀದಿಯಲ್ಲಿ ನಿಂತಿತು.

“ತಾನಾಗೇ ದಾಟೈತೆ, ನೋಡು! ಇನ್ನೊಂದು ಸಲ ಬಿಚ್ಚಿಸಿ ಸರಿ ಮಾಡಿಸ್ತೀನಿ,” ಅಂದೆ.

ಹೆಂಡತಿ ಗುಜರಿಯವನಿಗೆ ಹೋಗು ಎಂದು ಕೈಸನ್ನೆ ಮಾಡಿ ನನ್ನತ್ತ ತಿರುಗಿದಳು.

“ಬಿಚ್ಚಿಸಬ್ಯಾಡ್ರಿ. ಮನೆ ಬಿಟ್ಟು ಹೋಗಾಕೆ ಒಂದೇ ಗೇರು, ವಾಪಸ್ ಬರಾಕೆ ನಾಕು. ನಿಮಗೆ ಇದೇ ಸರಿ ಐತೆ.”