ಕುರ್ಚಿ ಬಿಡದೆ ಊರು ಸುತ್ತುವ ಭಾವ

ನಮ್ಮ ಭಾವ ಬಳ್ಳಾರಿಯ ಗಾಂಧಿನಗರದ ಅಂಗಡಿಯಲ್ಲಿ ಕೂತ ಕುರ್ಚಿಯಿಂದ ಏಳದೆ ದಿನವೂ ಸಿರುಗುಪ್ಪಕ್ಕೂ ಕುರುಗೋಡಿಗೂ ಹೋಗಿಬರುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಅವರು ನನ್ನ ಸ್ವಂತ ಅಕ್ಕನ ಗಂಡ ಆಗಿರದಿದ್ದರೆ ನಾನೂ ನಂಬದೆ ಹಾಯಾಗಿರುತ್ತಿದ್ದೆ.

ಗಣಿಯ ದುಡ್ಡು ಬಳ್ಳಾರಿಯ ತುಂಬ ಹರಿದಾಡುತ್ತಿದ್ದ ಕಾಲ. ಊರಿನವರೆಲ್ಲ ಲಾರಿ ಕೊಂಡರೆ ಭಾವ ಹಳೆಯದೊಂದು ಕಂಪ್ಯೂಟರ್ ಕೊಂಡು ಪ್ರೋಗ್ರಾಮ್ ಬರೆಯುವ ಅಂಗಡಿ ಇಟ್ಟರು. ಗಿರಾಕಿಗಳು ಇಬ್ಬರೇ. ಸಿರುಗುಪ್ಪದ ಅಕ್ಕಿ ಗಿರಣಿಯವರು ಮತ್ತು ಕುರುಗೋಡಿನ ಲಾರಿ ಯಾರ್ಡಿನವರು. ಗಿರಣಿಯ ಪ್ರೋಗ್ರಾಮಿಗೆ ಹಳೆಯ ಸಾಫ್ಟ್‌ವೇರ್ ಸಾಮಾನು ಬೇಕು, ಯಾರ್ಡಿನದಕ್ಕೆ ಹೊಸದು. ಬೆರೆಸಿದರೆ ಎರಡೂ ಮುನಿಸಿಕೊಂಡು ಕೂರುತ್ತವೆ. ಅದಕ್ಕೆಂದೇ ಕಂಪ್ಯೂಟರಿನೊಳಗೆ ಎರಡಕ್ಕೂ ಎನ್ವಿರಾನ್‌ಮೆಂಟ್ ಎಂಬ ಬೇರೆ ಬೇರೆ ಕೋಣೆ ಮಾಡಿದ್ದರು. ಆದರೆ ತಾವೀಗ ಯಾವ ಕೋಣೆಯಲ್ಲಿದ್ದೇವೆ ಎಂಬುದೇ ಅವರಿಗೆ ನೆನಪಿರಬೇಕಲ್ಲ? ಹೆಂಡತಿಯನ್ನು ಮಾರ್ಕೆಟ್ಟಿನಲ್ಲಿ ಮರೆತು ಮನೆಗೆ ಬಂದ ಮಹಾನುಭಾವರು ಅವರು!

ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ, ನಾವು ಬರೆಯುವ ಸಾಲಿಗೆ ಮೊದಲು ಪುಟ್ಟದೊಂದು ಗುರುತು ಇರುತ್ತದೆ. ಪ್ರಾಂಪ್ಟ್ ಅನ್ನುತ್ತಾರೆ. ಎಲ್ಲರಿಗೂ ಅದು ಬರಿಯ ಡಾಲರ್ ಚಿಹ್ನೆ; ಅಂಗಡಿಗೆ ಬಂದ ಏಕೈಕ ಡಾಲರ್ ಅದೇ. ಭಾವ ಅದನ್ನು ತಿದ್ದಿ, ಗಿರಣಿಯ ಕೋಣೆಗೆ ಹೊಕ್ಕರೆ ಹಸಿರಿನಲ್ಲಿ ‘ಸಿರುಗುಪ್ಪ’, ಯಾರ್ಡಿನ ಕೋಣೆಗೆ ಹೊಕ್ಕರೆ ಕೆಂಪಿನಲ್ಲಿ ‘ಕುರುಗೋಡು’ ಎಂದು ಸಾಲಿನ ತಲೆಗೆ ಬರುವಂತೆ ಮಾಡಿದರು. ಆ ಪರದೆಗೆ ಕನ್ನಡ ಸರಿಯಾಗಿ ಬಾರದು. ‘ಪ್ಪ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಠಿಕಾಣಿ ಹೂಡುತ್ತಿತ್ತು.

“ಇಂಗ್ಲಿಷಿನಾಗ ಬರೀಬಾರದೇನ್ರಿ?” ಅಂದೆ.

“ಗಾಬರಿ ಆದಾಗ ನನಗ ಇಂಗ್ಲಿಷ್ ಕಣ್ಣಿಗಿ ಬೀಳಂಗಿಲ್ಲವ್ವಾ.”

ಅಷ್ಟಕ್ಕೇ ನಿಂತರೇ? ಪ್ರೋಗ್ರಾಮ್ ಬರೆಯುವ ಭಾಷೆಯ ಹೆಸರು, ಅದರ ಆವೃತ್ತಿ, ಗಂಟೆ, ವಾರ ಎಲ್ಲ ಅದೇ ಸಾಲಿಗೆ ಸೇರಿಸಿದರು. ಒಂದು ದಿನ ಚಹಾ ತಂದ ಅಕ್ಕ ಇಣುಕಿ ನೋಡಿದಳು. “ಸಾಲೆಲ್ಲಾ ಇದಾ ತುಂಬಿದ್ರ ಕೆಲಸ ಎಲ್ಲಿ ಬರೀತೀರಿ, ಗ್ವಾಡಿ ಮ್ಯಾಲೇನು?” ಭಾವ ಗೋಡೆಯ ಕಡೆ ನೋಡಿ ಯೋಚನೆಗೆ ಬಿದ್ದರು!

ಫೋನಿನಲ್ಲೂ ಇದೇ ಪಾಡು. ಗಿರಣಿಯ ಸಾಹುಕಾರರು “ಎಲ್ಲಿ ಅದೀರಿ?” ಎಂದು ಕೇಳಿದರೆ ಭಾವ ಪರದೆ ನೋಡಿ, “ಸಿರುಗುಪ್ಪದಾಗ ಅದೀನ್ರಿ” ಅಂದರು.

“ಅರೇ! ಊಟಕ್ಕ ಬರ್ರಿ ಮತ್ತ!”

“ಆಗಂಗಿಲ್ರಿ, ಕುರ್ಚಿ ಬಿಟ್ಟು ಏಳಂಗಿಲ್ಲ.”

ಸಾಹುಕಾರರು ಅಲ್ಲಿ ಬಸ್‌ಸ್ಟ್ಯಾಂಡಿಗೆ ಆಳು ಕಳಿಸಿ ಹುಡುಕಿಸಿದರಂತೆ.

ನಗುವವರು ನಗಲಿ, ಕಂಟೋನ್ಮೆಂಟಿನ ಲಾರಿ ಕಂಪನಿಯ ಆಫೀಸಿಗೆ ದಿನವೂ ಕೆಲಸಕ್ಕೆ ಹೋಗಬೇಕಾದವಳು ನಾನು. ಕುರುಗೋಡಿನ ಯಾರ್ಡು ನಮ್ಮ ಆಫೀಸಿನದೇ. ಹಾಗಾಗಿ ಸುದ್ದಿ ನನಗಿಂತ ಮೊದಲು ಅಲ್ಲಿಗೆ ತಲುಪಿತ್ತು. “ನಿಮ್ಮ ಭಾವ ಇವತ್ತು ಯಾವೂರಾಗ ಅದಾರ್ರೀ?” ಎಂದು ದಿನವೂ ಯಾರಾದರೂ ಕೇಳುವರು. ನಾನು ಫೈಲಿನಲ್ಲಿ ಮುಖ ಹುದುಗಿಸುವೆ. ಅವರ ಸ್ಕೂಟರ್ ಬೀದಿಯಲ್ಲಿ ಕಂಡರೆ ಅಡ್ಡದಾರಿ ಹಿಡಿಯುವೆ. ನಾಚಿಕೆ ಎಂದರೆ ಅಷ್ಟಿಷ್ಟಲ್ಲ!

ಹೀಗಿರುವಾಗ ಆಫೀಸಿನ ಎಲ್ಲ ಲಾರಿಗಳ ಪ್ರೋಗ್ರಾಮನ್ನೂ ಭಾವನಿಗೇ ಕೊಡುವ ಮಾತು ಬಂತು. ಕೊಟ್ಟರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬೀಗ. ಯಾರ್ಡಿನ ಕೆಲಸವನ್ನು ಒಮ್ಮೆ ನಡೆಸಿ ತೋರಿಸಿ ಎಂದು ಮ್ಯಾನೇಜರು ತಾವೇ ನನ್ನನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಭಾವ ಅಲ್ಲಿಯವರೆಗೆ ಗಿರಣಿಯ ಬಿಲ್ಲಿನಲ್ಲಿ ಮುಳುಗಿದ್ದವರು ಧಡಕ್ಕನೆ ಎದ್ದು ಅವರಿಗೆ ಇನ್ನೊಂದು ಕುರ್ಚಿ ಎಳೆದುಕೊಟ್ಟರು. ಊರುಗಳ ಮೆರವಣಿಗೆ ಈಗ ಶುರುವಾಗುತ್ತದೆ ಎಂದು ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ಪರದೆ ನೋಡಿದೆ.

ಊರಿಲ್ಲ, ಬಣ್ಣವಿಲ್ಲ. ಬರಿಯ ಡಾಲರ್!

ಅಕ್ಕ ನನ್ನ ಕಿವಿಯಲ್ಲಿ ಅಂದಳು: “ಮುಂಜಾನಿ ತಾವಾ ಅಳಿಸಿದ್ರು. ಆಫೀಸಿನವ್ರ ಮುಂದ ನೀ ತಲಿ ತಗ್ಗಸಬಾರದಂತ.”

ನಾನು ಅಡ್ಡದಾರಿ ಹಿಡಿದದ್ದು ಅವರಿಗೆ ಕಾಣುತ್ತಲೇ ಇತ್ತು ಹಾಗಾದರೆ.

“ಶುರು ಮಾಡ್ರಿ,” ಅಂದರು ಮ್ಯಾನೇಜರು. ಭಾವ ಕೀಲಿಗಳ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಒಮ್ಮೆ ಕೈ ತೆಗೆದು ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟರು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಭಾವ ಮೆಲ್ಲಗೆ ತಿರುಗಿ ನನ್ನನ್ನು ನೋಡಿದರು. ಎಲ್ಲಿದ್ದೇನೆಂದು ತಿಳಿಯದ ಮನುಷ್ಯನ ಮುಖ ಅದು.

“ಭಾವಾ,” ಎಂದೆ, ಮ್ಯಾನೇಜರಿಗೂ ಕೇಳುವಷ್ಟು ಗಟ್ಟಿಯಾಗಿ. “ನೀವಿನ್ನೂ ಸಿರುಗುಪ್ಪದಾಗ ಅದೀರಿ. ಕುರುಗೋಡಿಗಿ ಬರ್ರಿ.”

ಮ್ಯಾನೇಜರು ಕತ್ತು ಹೊರಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಲಿ!

“ಬಂದೆ ತಡಿಯವ್ವಾ,” ಅಂದರು ಭಾವ. ಬೆರಳುಗಳು ಓಡಿದವು, ಪರದೆಯ ಮೇಲೆ ಲಾರಿಗಳ ನಂಬರು ಒಂದರ ಹಿಂದೊಂದು ಇಳಿಯತೊಡಗಿದವು.